ಇಬ್ಬರ ಊಟ, ಒಬ್ಬನ ತೂಕ

ಮೊನ್ನೆ ಬೀರು ಒರೆಸುವಾಗ ನನ್ನ ಹಳೆಯ ಕಂದು ಬೆಲ್ಟ್ ಕೈಗೆ ಸಿಕ್ಕಿತು. ಕೊಂಡಾಗ ಅದಕ್ಕೆ ಕಂಪನಿಯವರು ಕೊಟ್ಟ ತೂತುಗಳು ನಾಲ್ಕೈದು ಇದ್ದಿರಬೇಕು. ಈಗ ಜರಡಿಯ ಹಾಗಾಗಿದೆ. ತುದಿಯ ಕಡೆ ಇರುವವು ನಾನು ಹಿಗ್ಗುತ್ತ ಹೋದ ವರ್ಷಗಳವು, ಬಕಲ್ ಕಡೆ ಇರುವವು ಕುಗ್ಗಿದ ತಿಂಗಳುಗಳವು. ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನ ಎದುರು ಕೂರುವ ಚಪ್ಪಲಿ ಹೊಲಿಯುವವನು ನಾನು ಬೆಲ್ಟ್ ಹಿಡಿದು ಬರುವುದನ್ನು ಕಂಡರೆ ಮಳೆ, ಬಿಸಿಲು ಏನೂ ವಿಚಾರಿಸುವುದಿಲ್ಲ. "ಈಸಾರಿ ಎಟುವೈಪು ಸಾರ್?" ಎನ್ನುತ್ತಾನೆ. ಈ ಸಲ ಯಾವ ಕಡೆಗೆ ಎಂದು.

ನಾನು ಹುಟ್ಟಾ ದಪ್ಪನೆಯ ಆಸಾಮಿಯೇನಲ್ಲ. ಗದಗಿನಲ್ಲಿ ನಾವಿದ್ದ ಓಣಿಯಲ್ಲಿ ನನಗೆ 'ಕಡ್ಡಿಪೈಲ್ವಾನ' ಎಂಬ ಬಿರುದಿತ್ತು. ಅಂಗಿ ಹೊಲಿಸುವಾಗ ಅವ್ವ ದರ್ಜಿಗೆ "ಬಗಲಾಗ ಬಟ್ಟಿ ಬಿಟ್ಟು ಹೊಲಿಯಪ್ಪ, ಹುಡುಗ ಬೆಳೀತೈತಿ" ಎನ್ನುತ್ತಿದ್ದಳು. ಬಟ್ಟೆ ಬಿಟ್ಟದ್ದೇ ಬಂತು. ಅಂಗಿ ಹರಿದರೂ ನಾನು ಆ ಹೊಲಿಗೆಯವರೆಗೆ ತಲುಪುತ್ತಿರಲಿಲ್ಲ. ನನ್ನನ್ನು ತುಂಬಿಸುವ ಕೆಲಸವನ್ನು ಮನೆಯಲ್ಲಿ ವಹಿಸಿಕೊಂಡಿದ್ದವಳು ಅಕ್ಕ ಗಂಗವ್ವ. ನನಗಿಂತ ಏಳೆಂಟು ವರ್ಷ ದೊಡ್ಡವಳು. ರೊಟ್ಟಿಯ ಮೇಲೆ ಶೇಂಗಾಚಟ್ನಿ ಗುಡ್ಡೆ ಹಾಕಿ, ನಡುವೆ ಕುಳಿ ತೋಡಿ ಎಣ್ಣೆ ಹೊಯ್ದು, ಮಡಚಿ ಕೈಗೆ ಕೊಟ್ಟು, ನಾನು ನುಂಗುವವರೆಗೆ ಬಾಗಿಲಿಗೆ ಅಡ್ಡ ಕೂರುತ್ತಿದ್ದಳು. ಹೊರಗೆ ಗೋಲಿ ಆಡುವವರು ಕೂಗುತ್ತಿರುತ್ತಿದ್ದರು. ನಾನು ಅಗಿಯುತ್ತಿರುತ್ತಿದ್ದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಮ್ಮ ಓಣಿಗೆ ನಳದ ನೀರು ಬರುವುದೆಂದರೆ ಮದುವೆ ದಿಬ್ಬಣ ಬಂದ ಹಾಗೆ. ಬರುತ್ತದೆ ಎಂಬ ಸುದ್ದಿ ಬಂದರೂ ಅದು ಬರುವವರೆಗೆ ಯಾರೂ ನಂಬುತ್ತಿರಲಿಲ್ಲ. ಅಂಥ ಊರಿನವನು ನಾನು ಹಡಗಿನ ಕೆಲಸ ಕಲಿತು, ಹತ್ತಾರು ವರ್ಷ ದೇಶ ಸುತ್ತಿ, ಕಡೆಗೆ ವಿಶಾಖಪಟ್ಟಣ ಬಂದರಿನಲ್ಲಿ ಪೈಲಟ್ ಆಗಿ ನಿಂತೆ. ಪೈಲಟ್ ಎಂದ ಕೂಡಲೇ ಊರಿನ ಜನ ಆಕಾಶ ನೋಡುತ್ತಾರೆ. ನನ್ನದು ಆಕಾಶದ ಪೈಕಿಯಲ್ಲ. ದೂರ ದೇಶದ ಹಡಗು ಬಂದರಿನ ಹೊರಗೆ ಬಂದು ನಿಲ್ಲುತ್ತದೆ. ಒಳಗಿನ ದಾರಿ, ಆಳ, ಸೆಳೆತ ಅದರ ಕ್ಯಾಪ್ಟನ್‌ಗೆ ಗೊತ್ತಿರುವುದಿಲ್ಲ. ನಾನು ಸಣ್ಣ ದೋಣಿಯಲ್ಲಿ ಹೋಗಿ, ಹಡಗಿನ ಪಕ್ಕೆಗೆ ಇಳಿಬಿಟ್ಟ ಹಗ್ಗದ ಏಣಿ ಹತ್ತಿ, ಮೇಲೆ ನಿಂತು ಅದನ್ನು ಒಳಗೆ ಕರೆತರುತ್ತೇನೆ. ಹಡಗು ನಡೆಸುವುದು ಕಷ್ಟವಲ್ಲ. ಅದಕ್ಕೆ ಇಂಜಿನ್ ಇದೆ. ಏಣಿಗೆ ಇಂಜಿನ್ ಇಲ್ಲ.

ಆಂಧ್ರದ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ, ಆದರೂ ಸತ್ಯ ಸತ್ಯವೇ. ಬಿಸಿ ಅನ್ನ, ಮುದ್ದಪಪ್ಪು ಎಂಬ ಗಟ್ಟಿ ತೊವ್ವೆ, ಅದರ ಮೇಲೆ ಆವಕಾಯ ಉಪ್ಪಿನಕಾಯಿ, ಅದರ ಮೇಲೆ ತುಪ್ಪ: ಇವರ ಊಟದಲ್ಲಿ ಇದು ಇನ್ನೂ ಪೀಠಿಕೆ. ಎದುರುಮನೆಯ ಸತ್ಯವತಿಗಾರು ಹಬ್ಬಕ್ಕೆ, ಹಬ್ಬದ ಮರುದಿನಕ್ಕೆ, ಹಬ್ಬವಿಲ್ಲದ ದಿನಕ್ಕೂ ಡಬ್ಬಿ ಕಳಿಸುತ್ತಾರೆ. ಬೇಡ ಎಂದರೆ "ಕೊಂಚೆಮೇ ಕದಂಡಿ" ಎನ್ನುತ್ತಾರೆ. ಸ್ವಲ್ಪವೇ ಅಲ್ಲವೇ ಎಂದು. ಆ 'ಅಂಡಿ' ಎಂಬ ಮರ್ಯಾದೆಯ ಬಾಲವೇ ನನ್ನನ್ನು ಕೆಡಿಸಿದ್ದು. ಗದಗಿನಲ್ಲಿ "ತಿಂದ್ರ ತಿನ್ನು, ಬಿಟ್ರ ಬಿಡು" ಎನ್ನುವವರಿಗೆ ಬೇಡ ಎನ್ನಬಹುದು. ಇಷ್ಟು ಬಗ್ಗಿ ಕೇಳುವವರಿಗೆ ಬೇಡ ಎನ್ನುವುದು ಹೇಗೆ?

ಹೀಗೆ ಮರ್ಯಾದೆಯಿಂದ ತಿನ್ನುತ್ತ ಬಂದವನಿಗೆ ಹೋದ ಸಲ ದಸರೆಯ ಹೊತ್ತಿಗೆ ಪೆಟ್ಟು ಬಿತ್ತು. ಕಲ್ಲಿದ್ದಲು ತಂದ ದೊಡ್ಡ ಹಡಗು. ಅಲೆ ಜೋರಿತ್ತು. ದೋಣಿ ಮೇಲೆದ್ದಾಗ ಏಣಿ ಹಿಡಿದೆ, ದೋಣಿ ಕೆಳಗೆ ಜಾರಿತು, ನಾನು ನೇತುಬಿದ್ದೆ. ಅಲ್ಲಿಯವರೆಗೆ ಎಲ್ಲ ನಿತ್ಯದ್ದೇ. ಅರ್ಧ ಏರುವಷ್ಟರಲ್ಲಿ ತೋಳು ನಡುಗಲು ಶುರುವಾಯಿತು. ನಿಂತೆ. ಕೆಳಗೆ ನೀರು, ಮೇಲೆ ನಾಲ್ಕು ಮುಖ. ಅಂತೂ ತಲುಪಿದಾಗ ಆ ಹಡಗಿನ ನಾವಿಕನೊಬ್ಬ, ನನ್ನ ಮಗಳ ವಯಸ್ಸಿನವನು, ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಆ ಕುರ್ಚಿಯಲ್ಲಿ ಕೂತೆ, ಅದು ಇನ್ನೂ ನಾಚಿಕೆ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು, ತೆಳ್ಳಗಿನ, ಮೃದು ಮಾತಿನ ಹೆಣ್ಣುಮಗಳು, ತೂಕ ನೋಡಿದರು, ರಕ್ತದೊತ್ತಡ ನೋಡಿದರು, ನನ್ನನ್ನು ನೋಡಿದರು. "ಕ್ಯಾಪ್ಟನ್‌ಗಾರು, ಯುಗಾದಿಯವರೆಗೆ ಸಮಯ ಕೊಡುತ್ತೇನೆ. ಹತ್ತು ಕಿಲೋ ಇಳಿಯಬೇಕು. ಇಳಿಯದಿದ್ದರೆ ಏಣಿ ಹತ್ತಲು ಸಹಿ ಹಾಕುವುದಿಲ್ಲ. ದಡದ ಮೇಲೆ ಕೂತು ಮಾಡುವ ಕೆಲಸಗಳೂ ಇವೆ" ಎಂದರು. ದಡದ ಮೇಲೆ ಕೂತು ಮಾಡುವ ಕೆಲಸವೆಂದರೆ ಗಾಜಿನ ಕೋಣೆಯಲ್ಲಿ ಪರದೆ ನೋಡುತ್ತ ಇನ್ನೊಬ್ಬರು ಹಡಗು ತರುವುದನ್ನು ಕಾಯುವುದು. ಸಮುದ್ರವಿಲ್ಲದ ಊರಿನಿಂದ ಇಷ್ಟು ದೂರ ಬಂದದ್ದು ಕಿಟಕಿಯಿಂದ ಸಮುದ್ರ ನೋಡಲಿಕ್ಕಲ್ಲ. ಮನೆಗೆ ಬಂದು ಹೆಂಡತಿ ಶೈಲಾಳಿಗೆ ಹೇಳಿದೆ. ಆಕೆ ಒಂದೇ ಮಾತು ಅಂದಳು: "ಡಾಕ್ಟರ್ ಹೇಳಿದ್ರ ಕೇಳ್ತೀರಿ ಹಂಗಾರ. ನಾ ಇಷ್ಟು ವರ್ಷ ಏನು ಪುರಾಣ ಓದಿದೆ?"

ಅಡುಗೆಮನೆಯ ಅಧಿಕಾರ ಮಗಳು ನಿಧಿಗೆ ಹೋಯಿತು. ಇವಳು ಇಲ್ಲೇ ಹುಟ್ಟಿ ಬೆಳೆದವಳು. ನನ್ನನ್ನು ತೆಲುಗರ ಹಾಗೆ 'ನಾನ್ನಾ' ಎಂದು ಕರೆಯುತ್ತಾಳೆ. ಅವಳ ಕನ್ನಡದಲ್ಲಿ ಕ್ರಿಯಾಪದಗಳು ಗದಗಿನವು, ಉಳಿದದ್ದು ವೈಜಾಗಿನದು. "ನಾನ್ನಾ, ಅದು ಮುಟ್ಟಬ್ಯಾಡ್ರಿ, ಆಯಿಲ್ ಎಕ್ಕುವ ಐತಿ." ಎಕ್ಕುವ ಎಂದರೆ ಜಾಸ್ತಿ. ಬೆಳಿಗ್ಗೆ ಮೊಳಕೆ ಹೆಸರು, ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ರಾತ್ರಿ ಅದೇ ಇನ್ನೂ ಕಡಿಮೆ. ನಾನು ತಟ್ಟೆ ನೋಡಿ, "ಇದನ್ನ ನಾವು ಸಣ್ಣವರಿದ್ದಾಗ ಬಡತನ ಅಂತಿದ್ವಿ" ಎಂದೆ. "ಈಗ ಡಯಟ್ ಅಂತಾರ" ಎಂದಳು.

ಬೆಳಗಿನ ಕತ್ತಲಿಗೆ ಎದ್ದು ಸಮುದ್ರದ ದಂಡೆಗೆ ಹೋಗಿ ನಡೆಯತೊಡಗಿದೆ. ಸತ್ಯವತಿಗಾರು ಕಳಿಸುವ ಡಬ್ಬಿಗಳು ನಮ್ಮ ಮನೆಯ ಬದಲು ಕೆಳಗಿನ ವಾಚ್‌ಮ್ಯಾನ್ ಮನೆಗೆ ತಿರುಗಿದವು. ಆತ ಉಬ್ಬತೊಡಗಿದ, ನಾನು ಇಳಿಯತೊಡಗಿದೆ. ಸಂಕ್ರಾಂತಿಯ ಹೊತ್ತಿಗೆ ಬೆಲ್ಟಿನ ತೂತು ದಿಕ್ಕು ಬದಲಿಸಿತು. ಶಿವರಾತ್ರಿಗೆ ಎಂಟು ಕಿಲೋ ಹೋಗಿ, ಎರಡೇ ಕಿಲೋ ಉಳಿದಿತ್ತು.

ಇಲ್ಲಿ ನನ್ನ ಬುದ್ಧಿ ಸ್ವಲ್ಪ ಕೆಟ್ಟಿತು ಎಂದು ಒಪ್ಪಿಕೊಳ್ಳಬೇಕು. ತೂಕ ಇಳಿದ ಮನುಷ್ಯನಷ್ಟು ಭಾರದ ಮನುಷ್ಯ ಲೋಕದಲ್ಲಿಲ್ಲ. ಬಂದರಿನ ಕ್ಯಾಂಟೀನಿನಲ್ಲಿ ಕೂತು ಪೂರಿ ತಿನ್ನುವವರಿಗೆ ಪ್ರವಚನ ಮಾಡತೊಡಗಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಮೊದಲ ಅರ್ಧವನ್ನೇ ಹೇಳುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಆಗ ನೆನಪಿಗೆ ಬರುತ್ತಿರಲಿಲ್ಲ. ನನ್ನನ್ನು ಕಂಡರೆ ಜನ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಹೀಗಿರುವಾಗ ವಿಜಯವಾಡದಿಂದ ಭಾವನ ಫೋನ್ ಬಂತು. ಅಕ್ಕ ಗಂಗವ್ವ ಮದುವೆಯಾಗಿ ಹೋದದ್ದು ಅಲ್ಲಿಗೇ. ಅವಳ ಗಂಡ, ಭಾವ ಶಿವಪ್ಪನವರದು ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್. ಮಾತು ಕಡಿಮೆ, ಇದ್ದ ಮಾತೂ ಸುತ್ತಿಗೆಯ ಸದ್ದಿನ ನಡುವೆ ಕೇಳುವುದಿಲ್ಲ. ಅಂದು ಸುತ್ತ ಸದ್ದಿರಲಿಲ್ಲ.

"ವೀರೇಶಿ, ನಿಮ್ಮಕ್ಕ ಉಣವಲ್ಲಳು. ಒಂದೀಟು ಬಂದು ಹೋಗು."

ಅಕ್ಕನಿಗೆ ಟೈಫಾಯಿಡ್ ಬಂದದ್ದು ಗೊತ್ತಿತ್ತು, ಜ್ವರ ಇಳಿದದ್ದೂ ಗೊತ್ತಿತ್ತು. ಫೋನಿನಲ್ಲಿ "ಪರವಾಲೇದು, ಆರಾಮ ಅದೀನಿ" ಎನ್ನುತ್ತಿದ್ದಳು, ಪರವಾಗಿಲ್ಲ ಎಂಬುದನ್ನು ಮಾತ್ರ ತೆಲುಗಿನಲ್ಲಿ. ಜ್ವರ ಹೋದರೂ ಹಸಿವು ವಾಪಸು ಬಂದಿಲ್ಲವೆಂದು ಭಾವ ಹೇಳಿದಾಗಲೇ ತಿಳಿದದ್ದು. ಡಾಕ್ಟರು ಇನ್ನು ನಾಲ್ಕು ದಿನ ನೋಡೋಣ, ಉಣ್ಣದಿದ್ದರೆ ದಾಖಲು ಮಾಡಿ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರಂತೆ. ನಾನು ಒಂದು ವಾರದ ರಜೆ ಬರೆದು ರೈಲು ಹತ್ತಿದೆ. ನಿಧಿ ಚೀಲದಲ್ಲಿ ಮೊಳಕೆ ಕಾಳು, ಸೌತೆಕಾಯಿ, ಒಣಗಿದ ರೊಟ್ಟಿ ತುಂಬಿದ್ದಳು. "ಅತ್ಯಾ ಏನು ಕೊಟ್ರೂ ತಿನಬ್ಯಾಡ್ರಿ ನಾನ್ನಾ" ಎಂದಳು. ಅತ್ಯಾ ಎಂದರೆ ಅವಳ ಸೋದರತ್ತೆ, ನನ್ನ ಅಕ್ಕ. ಉಣ್ಣದೆ ಮಲಗಿದವಳು ನನಗೇನು ಕೊಡುತ್ತಾಳೆ ಎಂದು ನಾನೂ ಅಂದುಕೊಂಡೆ.

ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತೆ. ದೊಡ್ಡ ದೇಹದ ಹೆಂಗಸು. ಅವಳು ಕೂತರೆ ಮನೆಯಲ್ಲಿ ಯಾರೋ ಇದ್ದಾರೆ ಎಂದು ಓಣಿಗೇ ತಿಳಿಯುತ್ತಿತ್ತು. ಈಗ ಮಂಚದ ಮೇಲೆ ಚಾದರವೇ ಹೆಚ್ಚಿತ್ತು. ಬಳೆಗಳನ್ನು ಜಾರದಂತೆ ದಾರದಿಂದ ಕಟ್ಟಿಕೊಂಡಿದ್ದಳು. ಭಾವ ಬಟ್ಟಲಲ್ಲಿ ಮೆತ್ತನ್ನದ ಗಂಜಿ ಹಿಡಿದು ನಿಂತಿದ್ದರು, ಅವಳು ಗೋಡೆಯ ಕಡೆ ತಿರುಗಿದ್ದಳು. ನನ್ನ ದನಿ ಕೇಳಿ ಈ ಕಡೆ ಹೊರಳಿದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಅವಳನ್ನು ನೋಡಿ ಅಳಬೇಕೆಂದಿದ್ದೆ. ಅವಳೇ ನನ್ನನ್ನು ನೋಡಿ ಅಳತೊಡಗಿದಳು.

"ಏನಾಗೈತೋ ನಿನಗ? ಯಾವ ಜಡ್ಡು? ಯಾಕ ಮುಚ್ಚಿಟ್ಟೀದಿ?"

"ಯಾವ ಜಡ್ಡೂ ಇಲ್ಲಕ್ಕ. ಡಯಟ್ ಮಾಡಾಕತ್ತೀನಿ. ಬೇಕಂತನ ಇಳಿಸೀನಿ."

"ಅಪ್ಪನೂ ಹಿಂಗ ಅಂದಿದ್ದ."

ನಮ್ಮಪ್ಪ ಕಡೆಯ ವರ್ಷ ಒಂದೊಂದೇ ಹೊತ್ತಿನ ಊಟ ಬಿಡುತ್ತ ಹೋದ. ಸೋಮವಾರ ಒಪ್ಪತ್ತು ಎಂದ, ಆಮೇಲೆ ಗುರುವಾರ ಎಂದ, ಶ್ರಾವಣ ಎಂದ. ಹೊಟ್ಟೆಯೊಳಗೆ ಗಂಟು ಇದ್ದದ್ದು ಮಕ್ಕಳಿಗೆ ತಿಳಿಯಬಾರದೆಂದು ಅಷ್ಟೂ ವ್ರತ ಹಿಡಿದಿದ್ದ. ನಾನು ಆಗ ಸಣ್ಣವ, ಅಪ್ಪನಿಗೆ ಭಕ್ತಿ ಬಂದಿದೆ ಎಂದುಕೊಂಡಿದ್ದೆ. ಅಕ್ಕ ತಟ್ಟೆ ಎತ್ತುವವಳು, ಬಿಟ್ಟ ಅನ್ನವನ್ನು ದಿನಾ ನೋಡಿದವಳು. ಇಂಥವಳ ಮುಂದೆ ಮೊಳಕೆ ಕಾಳಿನ ಡಬ್ಬಿ ತೆಗೆದು ತೋರಿಸಿದರೆ ಏನಾದೀತು? ನಾನು ತೋರಿಸಿದೆ. "ಇದು ಪಥ್ಯ. ಡಾಕ್ಟರ್ ಬರದು ಕೊಟ್ಟದ್ದಲ್ಲೇನು?" ಎಂದಳು. ಡಾಕ್ಟರು ಹೇಳಿದ್ದು ಹೌದೇ ಆದ್ದರಿಂದ ಇಲ್ಲವೆನ್ನಲಾಗಲಿಲ್ಲ.

ಭಾವ ಗಂಜಿಯ ಬಟ್ಟಲು ಮುಂದೆ ಹಿಡಿದರು. ಅವಳು ಅದನ್ನು ನನ್ನ ಕಡೆ ಸರಿಸಿದಳು.

"ಅಂವ ಉಣ್ಣಲಿ ಮೊದಲ. ಅಂವ ಉಂಡ್ರ ನಾ ಉಣ್ತೀನಿ."

ಮೂರು ದಿನದಿಂದ ಅವಳ ಬಾಯಿಂದ 'ಉಣ್ತೀನಿ' ಎಂಬ ಮಾತು ಬಂದಿರಲಿಲ್ಲವಂತೆ. ಭಾವ ನನ್ನ ಮುಖ ನೋಡಿದರು. ಲಾರಿಯ ಚೌಕಟ್ಟನ್ನು ಒಬ್ಬರೇ ಎತ್ತಿ ನಿಲ್ಲಿಸುವ ಮನುಷ್ಯ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ತಂದರು. ನಾನು ಚಮಚ ತೆಗೆದುಕೊಂಡೆ.

ಒಪ್ಪಂದ ಹೀಗೆ ಕುದುರಿತು: ಅವಳದು ಒಂದು ಚಮಚ, ನನ್ನದು ಒಂದು ತುತ್ತು. ಆದರೆ ನನ್ನ ತುತ್ತಿನ ಗಾತ್ರ ನಿಶ್ಚಯಿಸುವವಳು ಅವಳು. ಮೊದಲ ದಿನ ಇಬ್ಬರದೂ ಗಂಜಿಯೇ. ಮರುದಿನ, "ಗಂಜಿ ಜಡ್ಡಿನವರಿಗೆ. ಇವಗೇನೂ ಜಡ್ಡಿಲ್ಲಂತ ಅವನ ಹೇಳ್ಯಾನಲ್ಲ, ಅನ್ನ ತುಪ್ಪ ಹಾಕ್ರಿ" ಎಂದಳು. ನನ್ನ ಮಾತು ನನ್ನ ಕೊರಳಿಗೇ ಬಂತು. ಮೂರನೆಯ ದಿನ ಭಾವನನ್ನು ಕಳಿಸಿ ಮಿರ್ಚಿಬಜ್ಜಿ ತರಿಸಿದಳು; ತಾನು ಅದರ ವಾಸನೆ ತೆಗೆದುಕೊಂಡು ಎರಡು ಚಮಚ ಮಜ್ಜಿಗೆ ಅನ್ನ ಹೆಚ್ಚಿಗೆ ನುಂಗಿದಳು. ಆಮೇಲೆ ಪುಳಿಹೊರ. ಆಮೇಲೆ ಪಕ್ಕದ ಮನೆಯವರಿಗೆ ಹೇಳಿ ಮಾಡಿಸಿದ ಗಾರೆ, ನಾವು ಉದ್ದಿನವಡೆ ಎನ್ನುವುದು. ನಾನು ಗಾರೆ ಮುರಿದು ಬಾಯಿಗಿಟ್ಟರೆ ಅವಳು ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ನಾನು ಅಗಿಯುವುದು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಿದ್ದಳು.

ಒಂದು ಬಾರಿ ಮೋಸ ಮಾಡಿ ನೋಡಿದೆ. ಅವಳು ಕಣ್ಣು ಮುಚ್ಚಿ ನುಂಗುವಾಗ ನನ್ನ ತುತ್ತನ್ನು ತಟ್ಟೆಯ ಕೆಳಗೆ ಸರಿಸಿದೆ. ಕಣ್ಣು ತೆರೆಯದೆಯೇ ಅಂದಳು, "ಸಣ್ಣಾವಿದ್ದಾಗ ಚಾಪಿ ಕೆಳಗ ಇಡ್ತಿದ್ದಿ. ಈಗೂ ಬುದ್ಧಿ ಅಷ್ಟ."

ನಿಧಿ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. "ಏನು ತಿಂದ್ರಿ ನಾನ್ನಾ?" "ಅತ್ಯಾಗ ಊಟ ಮಾಡಿಸಿದೆ" ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು. ಅಕ್ಕ ದಿನದಿಂದ ದಿನಕ್ಕೆ ಒಂದೆರಡು ಚಮಚ ಮುಂದೆ ಹೋದಳು. ಐದನೆಯ ದಿನಕ್ಕೆ ಮಂಚದ ಮೇಲೆ ಎದ್ದು ಕೂತಳು. ಡಾಕ್ಟರು ನಳಿಗೆಯ ಮಾತು ಬಿಟ್ಟರು. ಅಷ್ಟು ಸಂತೋಷದಲ್ಲಿ ನನ್ನ ಪ್ಯಾಂಟಿನ ಗುಂಡಿಯ ಕಡೆ ಯಾರ ಲಕ್ಷ್ಯವೂ ಇರಲಿಲ್ಲ, ನನ್ನದೂ.

ಹೊರಡುವ ಮುನ್ನಾದಿನ ಭಾವನ ಜೊತೆ ಶೆಡ್ಡಿಗೆ ಹೋದೆ. ಆಟೋನಗರದಲ್ಲಿ ಬೆಳಗೆಂದರೆ ಎಲ್ಲೆಲ್ಲೂ ವೆಲ್ಡಿಂಗಿನ ಕಿಡಿ, ಗ್ರೀಸಿನ ವಾಸನೆ, ಅರ್ಧ ಬಿಚ್ಚಿದ ಲಾರಿಗಳು. ಪಕ್ಕದಲ್ಲೇ ಗುಜರಿ ಅಂಗಡಿ. ಅದರ ಮುಂದೆ ಕಬ್ಬಿಣ ತೂಗುವ ದೊಡ್ಡ ಕಾಟಾ, ನೆಲಮಟ್ಟದ ಹಲಗೆ. ಗುಜರಿಯ ರಾವುಗಾರು ಭಾವನಿಗೆ ಚಹ ಹೇಳಿದರು. ನನಗೆ ಆ ಹಲಗೆ ಕಂಡಿತು. ತೂಕ ಇಳಿಸುವವರ ಚಾಳಿ ಅದು, ಕಾಟಾ ಕಂಡರೆ ಕಾಲು ತಾನಾಗಿ ಹೋಗುತ್ತದೆ. ಹತ್ತಿ ನಿಂತೆ. ಕೆಂಪು ಅಂಕಿಗಳು ಓಡಿ ಒಂದು ಕಡೆ ನಿಂತವು. ಇಳಿದು ಮತ್ತೆ ಹತ್ತಿದೆ. ಚಪ್ಪಲಿ ಬಿಟ್ಟು ಹತ್ತಿದೆ. ಜೇಬಿನ ಫೋನು, ಕೀಲಿ ತೆಗೆದಿಟ್ಟು ಹತ್ತಿದೆ. ಐದು ತಿಂಗಳಲ್ಲಿ ಇಳಿಸಿದ್ದರ ಸರಿಯಾಗಿ ಅರ್ಧ ಒಂದು ವಾರದಲ್ಲಿ ಮನೆಗೆ ವಾಪಸು ಬಂದಿತ್ತು.

ಕಾಟಾ ಸರಿ ಇದೆಯೇ ಎಂದು ತೆಲುಗಿನಲ್ಲಿ ಕೇಳಿದೆ.

ರಾವುಗಾರು ನೊಂದುಕೊಂಡರು. ಅವರ ಕಾಟಾದ ಮೇಲೆ ಇಂದಿನವರೆಗೆ ಯಾರೂ ಸಂಶಯ ಪಟ್ಟಿಲ್ಲವಂತೆ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, "ಇನುಮು ಅಯಿತೇ ಮಂಚಿ ರೇಟು ವಚ್ಚೇದಿ ಸಾರ್" ಎಂದರು. ಕಬ್ಬಿಣವಾಗಿದ್ದರೆ ಒಳ್ಳೆಯ ದರ ಬರುತ್ತಿತ್ತು ಎಂದು.

ನನಗೆ ನಗು ಬರಲಿಲ್ಲ. ಶೆಡ್ಡಿನ ಹೊರಗೆ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಯುಗಾದಿಗೆ ಮೂರು ವಾರವೂ ಇರಲಿಲ್ಲ. ಗಾಜಿನ ಕೋಣೆ ಕಣ್ಣಿಗೆ ಕಟ್ಟಿತು. ಭಾವ ಚಹದ ಲೋಟ ಹಿಡಿದು ಬಂದು ಎದುರು ನಿಂತರು. ಆಗ ಮೊದಲಿನಿಂದ ಎಲ್ಲ ಹೇಳಿದೆ: ಏಣಿ, ಕುರ್ಚಿ, ಡಾಕ್ಟರ ಮಾತು. ಅವರು ಪೂರ್ತಿ ಕೇಳಿ, ಲೋಟ ನನ್ನ ಕೈಯಲ್ಲಿಟ್ಟು, "ಸಕ್ಕರಿ ಹಾಕ್ಯಾರ, ಕುಡೀಬ್ಯಾಡ" ಎಂದು ವಾಪಸು ತೆಗೆದುಕೊಂಡರು.

ಅಂದು ಮಧ್ಯಾಹ್ನ ಅವರು ಅಕ್ಕನ ಮುಂದೆ ಮಂಡಿಸಿದ ವಾದ, ನನ್ನ ಲೆಕ್ಕದಲ್ಲಿ, ಅವರ ಜೀವನದ ಅತ್ಯಂತ ಉದ್ದದ ಭಾಷಣ.

"ಇಲ್ಲಿ ಕೇಳು. ಜಡ್ಡಿದ್ದಾವ ತೂಕ ಏರಿದ್ರ ಏನು ಮಾಡ್ತಾನ? ಖುಷಿ ಪಡ್ತಾನ. ನಿನ್ನ ತಮ್ಮ ಕಾಟಾದ ಮ್ಯಾಲೆ ನಿಂತು ಅಳೂದು ಒಂದ ಬಾಕಿ. ನಾ ಕಣ್ಣಾರೆ ನೋಡೀನಿ. ಅವಗ ಏನೂ ಆಗಿಲ್ಲ. ಅವನ ನೌಕರಿಗೆ ಆಗೂದೈತಿ, ನಿನ್ನ ಕೈಯಿಂದ."

ಅಕ್ಕ ನನ್ನ ಕಡೆ ಹೊರಳಿ ನೋಡಿದಳು. ಆ ನೋಟದಲ್ಲಿ ಮೊದಲು ನಂಬಿಕೆ ಬಂತು, ಅದರ ಹಿಂದೆಯೇ ಸಿಟ್ಟು.

"ಮೊದಲ ಹೇಳಾಕೇನಾಗಿತ್ತು?"

"ಬಂದ ದಿನಾನ ಹೇಳಿದ್ನಲ್ಲಕ್ಕ."

"ಹಂಗ ಹೇಳೂದಲ್ಲ. ನಂಬೂ ಹಂಗ ಹೇಳಬೇಕು."

ಮರುದಿನ ಹೊರಟೆ. ರೈಲಿನಲ್ಲಿ ಕೂತಾಗ, ಹೊಟ್ಟೆ ಬಿಗಿದ ಬೆಲ್ಟನ್ನು ಸಡಿಲಿಸಿಕೊಂಡು, ಕ್ಯಾಂಟೀನಿನಲ್ಲಿ ನಾನು ಮಾಡಿದ ಪ್ರವಚನಗಳನ್ನೆಲ್ಲ ಒಂದೊಂದಾಗಿ ನೆನೆದೆ. ಕೇಳಿದವರು ಯಾರೂ ಮರೆತಿರುವುದಿಲ್ಲ ಎಂಬುದು ಖಾತ್ರಿಯಿತ್ತು.

ಮನೆ ಬಾಗಿಲು ತೆರೆದ ಶೈಲಾ ನನ್ನ ಮುಖಕ್ಕಿಂತ ಮೊದಲು ಹೊಟ್ಟೆ ನೋಡಿದಳು. "ಅಕ್ಕಾರು ಆರಾಮ ಆದ್ರು ಅಂತ ಕಾಣ್ತದ" ಎಂದಳು. ನಿಧಿ ಮೊಳಕೆ ಕಾಳಿನ ಡಬ್ಬಿ ತೆರೆದು, ಕೊಟ್ಟದ್ದು ಕೊಟ್ಟ ಹಾಗೇ ಕಪ್ಪಾಗಿರುವುದನ್ನು ನೋಡಿ, ಮುಚ್ಚಿಟ್ಟಳು. ನಾನು ಹಟ ಹಿಡಿದು ಬರೀ ಸೌತೆಕಾಯಿ, ನೀರಿನ ಮೇಲೆ ಇರತೊಡಗಿದೆ. ತೂಕ ಇಳಿಯಲಿಲ್ಲ, ತಲೆ ತಿರುಗತೊಡಗಿತು. ಸ್ನಾನದ ಕೋಣೆಯಲ್ಲಿ ಗೋಡೆ ಹಿಡಿದು ನಿಂತದ್ದನ್ನು ಕಂಡ ಶೈಲಾ, "ಏಣಿ ಮ್ಯಾಲಿಂದ ಬೀಳೂ ಬದಲಿ ಮನ್ಯಾಗ ಬೀಳ್ಬೇಕಂತ ಮಾಡೀರೇನು?" ಎಂದು ತಾನೇ ರೊಟ್ಟಿ ತಂದು ತಿನ್ನಿಸಿದಳು. ಐದು ತಿಂಗಳು ನನ್ನ ಮಾತು ಕೇಳಿದ ಶರೀರ ಈಗ ಸಂಪು ಹೂಡಿತ್ತು. ಇನ್ನೂ ಇಳಿಸಬೇಕಾದದ್ದು ಆರು ಕಿಲೋ ಎಂಬ ಅಂಕಿ ಹಾಗೇ ಇತ್ತು. ಅಸೂಯೆ ಎಂಬುದು ನನಗೆ ಆ ದಿನಗಳಲ್ಲಿ ನಮ್ಮ ವಾಚ್‌ಮ್ಯಾನ್ ಮೇಲೆ ಬಂತು. ಆತನಿಗೆ ಯಾವ ಡಾಕ್ಟರೂ ಯುಗಾದಿಯ ಗಡುವು ಕೊಟ್ಟಿರಲಿಲ್ಲ.

ನಾಲ್ಕೈದು ದಿನ ಕಳೆದಿರಬೇಕು. ಬೆಳಿಗ್ಗೆ ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ಭಾವ, ಅವರ ತೋಳು ಹಿಡಿದು ಅಕ್ಕ. ಬಳೆಗೆ ಕಟ್ಟಿದ ದಾರ ಇನ್ನೂ ಇತ್ತು.

"ಡಾಕ್ಟರು ದಿನಾ ಒಂದೀಟು ನಡೀರಿ, ಗಾಳಿ ಬದಲಾಗಲಿ ಅಂದ್ರು. ಸಮುದ್ರದ ಗಾಳಿಗೆ ಬಂದೀನಿ" ಎಂದಳು. ಚೀಲ ಇಳಿಸಿ ಅಡುಗೆಮನೆಗೆ ಹೋಗಿ ನಿಧಿಯನ್ನು ಕೇಳಿದಳು, "ನಿಮ್ಮಪ್ಪಗ ಎಷ್ಟು ಕೊಡ್ತೀಯವ್ವ ಹೊತ್ತಿಗೆ? ನನಗೂ ತೋರ್ಸು."

ಮರುದಿನದಿಂದ ನಾವಿಬ್ಬರೂ ದಂಡೆಯ ರಸ್ತೆಯಲ್ಲಿ ನಡೆಯತೊಡಗಿದೆವು. ಅವಳದು ಹತ್ತು ಹೆಜ್ಜೆಗೊಂದು ನಿಲ್ದಾಣ. ಒಂದು ಬೆಂಚಿನಿಂದ ಇನ್ನೊಂದು ಬೆಂಚು ಮುಟ್ಟುವಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಿದ್ದ. ಅವಳು ಅಲ್ಲಿ ಕೂತು, "ಈಗ ನೀ ಹೋಗು" ಎನ್ನುತ್ತಿದ್ದಳು. ನಾನು ಬಿರುಸಾಗಿ ದೂರದ ತಿರುವಿನವರೆಗೆ ಹೋಗಿ ಬರುವಷ್ಟರಲ್ಲಿ ಅವಳ ಸುತ್ತ ನಾಲ್ಕು ತೆಲುಗು ಹೆಂಗಸರು ಕೂತಿರುತ್ತಿದ್ದರು. ಅಕ್ಕನ ತೆಲುಗು ಮೂವತ್ತು ವರ್ಷದ ವಿಜಯವಾಡದ್ದು, ನೀರಿನ ಹಾಗೆ ಹರಿಯುತ್ತದೆ. ಅವರಿಗೆಲ್ಲ ನನ್ನ ಏಣಿಯ ಕಥೆ ಗೊತ್ತಾಗಿತ್ತು. ನಾನು ಉಸಿರು ಬಿಡುತ್ತ ಬಂದು ನಿಂತರೆ ಅವರಲ್ಲೊಬ್ಬರು "ಇಂಕೋ ರೌಂಡು ವೆಳ್ಳಂಡಿ ಬಾಬೂ" ಎನ್ನುತ್ತಿದ್ದರು. ಇನ್ನೊಂದು ಸುತ್ತು ಹೋಗಿ ಬನ್ನಿ ಎಂದು, ಅದೂ 'ಅಂಡಿ' ಹಚ್ಚಿ. ಮರ್ಯಾದೆಗೆ ಸೋಲುವುದು ನನ್ನ ಹಣೆಬರಹ. ಹೋಗುತ್ತಿದ್ದೆ.

ಊಟದ ಹೊತ್ತಿಗೆ ಅಕ್ಕ ನನ್ನ ಎದುರು ಕೂರುತ್ತಿದ್ದಳು, ತನ್ನ ತಟ್ಟೆಯೊಂದಿಗೆ. ಅದೇ ಒಂದು ರೊಟ್ಟಿ, ಅದೇ ಸೊಪ್ಪು. ಮೊದಲ ದಿನ ನಾನು ತಿಂದು ಮುಗಿಸಿ, ಅಭ್ಯಾಸದಿಂದ, ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದೆ. ಅಕ್ಕ ಅದನ್ನು ನೋಡುತ್ತಿದ್ದಳು. ಅವಳ ಬಲಗೈ ರೊಟ್ಟಿಯ ಬುಟ್ಟಿಯ ಕಡೆ ಹೋಯಿತು. ಅಲ್ಲೇ ನಿಂತಿತು. ಅವಳ ಮುಖ ನೋಡಬೇಕಿತ್ತು ನೀವು. ಟೈಫಾಯಿಡಿನಲ್ಲೂ ಅಷ್ಟು ಸಂಕಟ ಕಂಡಿರಲಿಲ್ಲ. ಕೈ ಹಿಂದೆ ತೆಗೆದುಕೊಂಡು, ಬೇರೆ ಕಡೆ ನೋಡುತ್ತ, "ಸಾಕು, ಏಳು" ಎಂದಳು. ನನ್ನ ಆಯುಷ್ಯದಲ್ಲಿ ಅವಳ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಎದ್ದೆ. ಎರಡನೆಯ ರೊಟ್ಟಿ ಕೊಡುವುದಕ್ಕಿಂತ ಕೊಡದಿರುವುದಕ್ಕೆ ಅವಳಿಗೆ ಎಷ್ಟು ಹೆಚ್ಚು ಶಕ್ತಿ ಬೇಕಾಗಿತ್ತೆಂದು ನೋಡಿದ ಮೇಲೆ, ಕದ್ದು ತಿನ್ನುವ ಮನಸ್ಸೇ ಹೋಯಿತು.

ಯುಗಾದಿಯ ಬೇವುಬೆಲ್ಲದಲ್ಲಿ ನನ್ನ ಪಾಲಿಗೆ ಬೇವು ಹೆಚ್ಚು ಬಂತು. ಆ ವಾರವೇ ಡಾಕ್ಟರ ಮುಂದೆ ನಿಂತೆ. ಯಂತ್ರದ ಮೇಲೆ ಕಾಲಿಡುವಾಗ ಉಸಿರು ಬಿಗಿಹಿಡಿದರೆ ಕಡಿಮೆ ತೋರಿಸುತ್ತದೆಂಬ ನಂಬಿಕೆ ನನಗಿನ್ನೂ ಹೋಗಿಲ್ಲ. ಅದು ಒಂದೂವರೆ ಕಿಲೋ ಹೆಚ್ಚೇ ತೋರಿಸಿತು. ಡಾಕ್ಟರು ಅಂಕಿ ಬರೆದುಕೊಂಡರು. ಅಕ್ಕನ ವಿಷಯ ಹೇಳಿದೆ. ಹೇಳುವಾಗ ಅದು ನೆಪದ ಹಾಗೇ ಕೇಳಿಸಿತು, ನಿಜವಾದ ಕಾರಣಗಳೆಲ್ಲ ಹಾಗೇ ಕೇಳಿಸುತ್ತವೆ. ಅವರು ನಡುವೆ ಒಂದೇ ಪ್ರಶ್ನೆ ಕೇಳಿದರು: "ಅವರು ಈಗ ಉಣ್ಣುತ್ತಿದ್ದಾರಾ?"

"ನನ್ನಷ್ಟೇ ಉಣ್ಣುತ್ತಾರೆ."

"ಅದು ಅವರಿಗೆ ಸಾಲದು" ಎಂದರು. ನಂತರ ರಕ್ತದೊತ್ತಡ ನೋಡಿದರು, ಮೆಟ್ಟಿಲು ಹತ್ತಿಸಿ ಇಳಿಸಿ ಎದೆಬಡಿತ ನೋಡಿದರು, ತೋಳಿನ ಬಲ ನೋಡಿದರು. ಎಲ್ಲ ಮುಗಿದ ಮೇಲೆ ಸಹಿ ಹಾಕಿದರು. "ಈ ಒಂದೂವರೆ ಕಿಲೋವನ್ನು ನಿಮ್ಮ ಅಕ್ಕನ ಹೆಸರಿಗೆ ಬಿಟ್ಟಿದ್ದೇನೆ. ಮೂರು ತಿಂಗಳ ನಂತರ ಬರುವಾಗ ಅದು ಇರಬಾರದು."

ಮರುದಿನ ಬೆಳಿಗ್ಗೆಯ ಹಡಗು ಅಷ್ಟೇನೂ ದೊಡ್ಡದಲ್ಲ, ಅಲೆಯೂ ಶಾಂತವಾಗಿತ್ತು. ನಡುವೆ ಒಮ್ಮೆಯೂ ನಿಲ್ಲದೆ ಏಣಿ ಹತ್ತಿದೆ. ಮೇಲೆ ಹೋದಾಗ ಯಾರೂ ನನ್ನನ್ನು ವಿಶೇಷವಾಗಿ ನೋಡಲಿಲ್ಲ. ಅಷ್ಟು ಸುಖದ ಅಲಕ್ಷ್ಯವನ್ನು ನಾನು ಎಂದೂ ಅನುಭವಿಸಿರಲಿಲ್ಲ. ಕ್ಯಾಂಟೀನಿನಲ್ಲಿ ಪೂರಿ ತಿನ್ನುತ್ತಿದ್ದವರ ಮೇಜಿಗೇ ಹೋಗಿ ಕೂತೆ, ಬಾಯಿ ತೆರೆಯಲಿಲ್ಲ. ಅವರೂ ತಟ್ಟೆ ಎತ್ತಲಿಲ್ಲ.

ಮನೆಗೆ ಬಂದರೆ ಅಕ್ಕ ಹೋಳಿಗೆ ಮಾಡಿಸಿದ್ದಳು. ಹೂರಣ ರುಬ್ಬಿದವಳು ಶೈಲಾ, ಲಟ್ಟಿಸಿದವಳು ನಿಧಿ; ಅಕ್ಕ ಕುರ್ಚಿಯ ಮೇಲೆ ಕೂತು ಇಬ್ಬರನ್ನೂ ಬೈದವಳು. ಭಾವನಿಗೆ ಎರಡು ಬಡಿಸಿದಳು. ಶೈಲಾಳಿಗೆ ಎರಡು, ನಿಧಿಗೆ ಎರಡು. ನನ್ನ ತಟ್ಟೆಗೆ ಒಂದು ಬಂತು. ನಾನು ಅದನ್ನು ನೋಡುತ್ತಿರುವಂತೆಯೇ ಅವಳ ಕೈ ಬಂದು, ಅದನ್ನು ನಡುವೆ ಹರಿದು, ಅರ್ಧ ಎತ್ತಿಕೊಂಡು ಹೋಯಿತು.

"ಅತ್ಯಾ, ನಾನ್ನಾಗ ಇವತ್ತೊಂದಿನ ಪರವಾಲೇದು" ಎಂದಳು ನಿಧಿ.

ಅಕ್ಕನ ಬಾಯಿ ತುಂಬಿತ್ತು. ಅವಳು ಅಗಿಯುವುದನ್ನು ನಾವು ನಾಲ್ಕೂ ಮಂದಿ ಕೈ ನಿಲ್ಲಿಸಿ ನೋಡಿದೆವು. ಯಾರೂ ಹೇಳಿರಲಿಲ್ಲ, ಯಾರೂ ಎದುರು ಕೂತು ತುತ್ತಿಗೆ ತುತ್ತು ಲೆಕ್ಕ ಒಪ್ಪಿಸಿರಲಿಲ್ಲ. ವಾರಗಟ್ಟಲೆ ಚಮಚದಲ್ಲಿ ಬೇಡಿಕೊಂಡದ್ದನ್ನು ಅವಳು ಈಗ ನನ್ನ ತಟ್ಟೆಯಿಂದ ಕಸಿದುಕೊಂಡು ತಿನ್ನುತ್ತಿದ್ದಳು. ಭಾವ ತಮ್ಮ ಹೋಳಿಗೆಯ ಮೇಲೆ ತಲೆ ಬಗ್ಗಿಸಿಕೊಂಡರು.

ಅಕ್ಕ ನುಂಗಿ, ಬೆರಳು ನೆಕ್ಕಿ, ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು.

"ಏನು ನೋಡ್ತೀರಿ? ತುಪ್ಪ ಕಡಿಮಿ ಆಗೈತಿ" ಎಂದು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.